ಲಾಡ್ಜಿನ ಬಾಗಿಲಲ್ಲಿ ಲಿಫ್ಟ್ ಮೇಸ್ತ್ರಿ

"ಮಾವ ಲಾಡ್ಜಿಗೆ ಹೋಗ್ತಾರಂತೆ" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುವಾಗ ಅಳಿಯನ ಮುಖ ಸಣ್ಣಗಾಗಿತ್ತು. "ನಾವೇನು ಕಡಿಮೆ ಮಾಡಿದ್ವಿ ಹೇಳು? ಬಿಸಿಲು ಬೀಳೋ ರೂಮನ್ನೇ ಬಿಟ್ಟುಕೊಟ್ಟಿದೀವಿ. ಮಗಳ ಮನೆ ಇಟ್ಕೊಂಡು ಲಾಡ್ಜಲ್ಲಿ ರೂಮು ಮಾಡ್ತಾರೆ ಅಂದ್ರೆ ನೋಡಿದೋರು ಏನಂದ್ಕೊಳ್ತಾರೆ?"

ಮಗಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ನಿಂತರೂ ನೀರು ನಿಲ್ಲಲಿಲ್ಲ. ಅಪ್ಪ ತಾನಾಗಿ ಇಂಥದ್ದು ಬೇಕು ಎಂದು ಕೇಳಿ ಏಳು ತಿಂಗಳಾಗಿತ್ತು.

"ಅಯ್ಯೋ, ಆ ಲಾಡ್ಜ್ ಅಲ್ಲಾ ರೀ. ಫ್ರೀಮೇಸನ್ ಲಾಡ್ಜು. ಅದೊಂದು ಸಂಘ. ನಾನು ಚಿಕ್ಕೋಳಿದ್ದಾಗಿಂದ ತಿಂಗಳಿಗೊಂದ್ಸಲ ಕಪ್ಪು ಕೋಟು ಹಾಕ್ಕೊಂಡು ಹೋಗ್ತಿದ್ರು."

"ಮೇಸನ್ ಅಂದ್ರೆ ಗಾರೆ ಕೆಲಸದೋರಲ್ವಾ? ಇವರು ಲಿಫ್ಟ್ ರಿಪೇರಿ ಮಾಡೋರು."

"ಅಲ್ಲಿ ಒಂದು ಇಟ್ಟಿಗೆ ನೆಟ್ಟಗೆ ಇಡೋಕೆ ಬರೋನು ಒಬ್ಬನೂ ಇಲ್ಲ ಅಂತ ಅಮ್ಮ ಹೇಳ್ತಿದ್ಲು. ಒಳಗೆ ಏನು ಮಾಡ್ತಾರೋ ಅವಳಿಗೂ ಗೊತ್ತಿರಲಿಲ್ಲ, ನಂಗೂ ಗೊತ್ತಿಲ್ಲ. ಕೇಳಿದ್ರೆ ಮೀಸೆಯೊಳಗೇ ನಗೋರು, ಅಷ್ಟೆ."

ಪಕ್ಕದ ರೂಮಿನಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತಿದ್ದ ಲಿಫ್ಟ್ ಮೇಸ್ತ್ರಿಗೆ ಇದೆಲ್ಲ ಕೇಳಿಸುತ್ತಿತ್ತು. ಅವರ ಕಿವಿಗೇನೂ ಆಗಿರಲಿಲ್ಲ. ತಲೆಯೂ ನೆಟ್ಟಗೇ ಇತ್ತು. ಆದರೆ ಅದು ಗೊತ್ತಿದ್ದದ್ದು ಅವರಿಗೊಬ್ಬರಿಗೇ. ಏಳು ತಿಂಗಳ ಹಿಂದೆ, ತಮ್ಮ ಊರಿನ ತಮ್ಮ ಮನೆಯಲ್ಲಿ, ಬೆಳಿಗ್ಗೆ ಶೂ ಲೇಸು ಕಟ್ಟುತ್ತಿದ್ದಾಗ ಬಲಗೈ ಹೇಳಿದ ಮಾತು ಕೇಳುವುದನ್ನು ನಿಲ್ಲಿಸಿತ್ತು. ಹಾಲಿನವನು ಬಾಗಿಲು ಒಡೆಸುವ ಹೊತ್ತಿಗೆ ಅರ್ಧ ಮೈ ಹೋಗಿತ್ತು, ಮಾತು ಪೂರ್ತಿ ಹೋಗಿತ್ತು. ಹೆಂಡತಿ ತೀರಿಕೊಂಡು ಆಗಲೇ ಎರಡು ವರ್ಷ. ಮಗಳು ಬಂದು ಆಸ್ಪತ್ರೆಯಿಂದ ನೇರವಾಗಿ ತನ್ನೂರಿಗೆ ಕರೆದುಕೊಂಡು ಬಂದಳು. ಕಾಲು ಅಷ್ಟಿಷ್ಟು ವಾಪಸು ಬಂತು. ಬಲಗೈ ಬೆರಳುಗಳು ಮಾತ್ರ ಅಂಗೈಯೊಳಕ್ಕೆ ಮಡಚಿಕೊಂಡು, ಏನನ್ನೋ ಹಿಡಿದು ಬಿಡಲೊಲ್ಲದವರ ಮುಷ್ಟಿಯ ಹಾಗೆ ಕೂತುಬಿಟ್ಟವು. ಬಾಯಲ್ಲಿ ಹತ್ತಿಪ್ಪತ್ತು ಮಾತು ಉಳಿದಿದ್ದವು, ಅವೂ ಬೇಕೆಂದಾಗ ಬರುತ್ತಿರಲಿಲ್ಲ. ನೀರು ಬೇಕಾದರೆ "ಮೂರನೇ ಫ್ಲೋರು" ಎನ್ನುವರು. ಟೀ ಬೇಡವಾದರೂ "ಮೂರನೇ ಫ್ಲೋರು." ತಾವು ಅಂದದ್ದು ತಪ್ಪು ಎಂದು ಕಿವಿಗೆ ಗೊತ್ತಾಗುತ್ತಿತ್ತು, ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ. ಬರೆಯಲು ಹೋದರೆ ಎಡಗೈಯಲ್ಲಿ ಗೆರೆಗಳು ಬರುತ್ತಿದ್ದವು, ಅಕ್ಷರ ಬರುತ್ತಿರಲಿಲ್ಲ.

ಈ ಹತ್ತಿಪ್ಪತ್ತರಲ್ಲಿ "ಲಾಡ್ಜ್" ಎನ್ನುವುದು ಉಳಿದುಕೊಂಡದ್ದೇ ಒಂದು ಪುಣ್ಯ.

ಮೇಸ್ತ್ರಿ ಓದಿದ್ದು ಏಳನೇ ಕ್ಲಾಸು. ನಲವತ್ತೊಂದು ವರ್ಷ ಕತ್ತಲೆಯ ಲಿಫ್ಟ್ ಗುಂಡಿಗಳಲ್ಲಿ ಹಗ್ಗಕ್ಕೆ ಜೋತುಬಿದ್ದು ಗ್ರೀಸು ಮೆತ್ತಿಕೊಂಡವರು. ಒಂದು ಬ್ಯಾಂಕಿನ ಲಿಫ್ಟು ರಿಪೇರಿ ಮಾಡಿಕೊಟ್ಟಾಗ ಅಲ್ಲಿನ ಮ್ಯಾನೇಜರರು ಅವರ ಅಚ್ಚುಕಟ್ಟುತನ ಮೆಚ್ಚಿ ಲಾಡ್ಜಿಗೆ ಸೇರಿಸಿದ್ದರು. ಅಲ್ಲಿ ವಕೀಲರು, ಡಾಕ್ಟರುಗಳು, ಅಂಗಡಿ ಮಾಲೀಕರು ಎಲ್ಲ ಇದ್ದರು. ಸಭೆ ನಡೆಸುವ ಪಾಠಗಳನ್ನೆಲ್ಲ ಪುಸ್ತಕ ನೋಡದೆ ಬಾಯಲ್ಲೇ ಹೇಳಬೇಕಿತ್ತು. ದೊಡ್ಡ ದೊಡ್ಡ ಓದಿನವರು ನಡುವೆ ತಡವರಿಸುತ್ತಿದ್ದರು. ಮೇಸ್ತ್ರಿ ಮಾತ್ರ ಇಪ್ಪತ್ತು ನಿಮಿಷದ ಪಾಠವನ್ನು ಒಂದಕ್ಷರ ಬಿಡದೆ, ಸಭಾಂಗಣದ ಕೊನೆಯ ಕುರ್ಚಿಗೂ ಕೇಳುವ ಹಾಗೆ ಹೇಳುತ್ತಿದ್ದರು. ವಕೀಲರು ಮರೆತಾಗ ಮುಂದಿನ ಪದ ಎತ್ತಿಕೊಡುತ್ತಿದ್ದವರು ಇವರೇ. ಹೊರಗೆ ಯಾರೂ ಅವರ ಹತ್ತಿರ ಎರಡು ಮಾತಿಗಿಂತ ಹೆಚ್ಚು ಆಡಿದ್ದಿಲ್ಲ. ಒಳಗೆ ಎಲ್ಲರೂ ಬ್ರದರ್ ಎನ್ನುತ್ತಿದ್ದರು. ಮೂವತ್ತನಾಲ್ಕು ವರ್ಷ ಹೀಗೆ ನಡೆದಿತ್ತು.

ಮಗಳ ಊರಿನಲ್ಲೂ ಒಂದು ಲಾಡ್ಜ್ ಇದೆ ಎಂದು ಗೊತ್ತಾದದ್ದು ಮಾತು ಕಲಿಸುವ ಆಸ್ಪತ್ರೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ. ಟೈಲ್ಸ್ ಅಂಗಡಿಯೊಂದರ ಮೇಲಿನ ನಾಲ್ಕನೇ ಮಹಡಿಯ ಗೋಡೆಗೆ ಮೂಲೆಮಟ್ಟವೂ ಕೈವಾರವೂ ಒಂದರ ಮೇಲೊಂದು ಕೂತ ಗುರುತು. ಮೇಸ್ತ್ರಿ ಎಡಗೈಯಿಂದ ಗಾಜು ಬಡಿದ ಬಡಿತಕ್ಕೆ ಕಂಡಕ್ಟರು ಬಸ್ಸು ನಿಲ್ಲಿಸಿಬಿಟ್ಟಿದ್ದ.

ಎರಡನೇ ಶನಿವಾರ ಸಂಜೆ ಮಗಳು ಅಪ್ಪನಿಗೆ ಕಪ್ಪು ಕೋಟು ತೊಡಿಸಿದಳು. ಕೋಟು ದೊಡ್ಡದಾಗಿತ್ತು, ಅಥವಾ ಮೇಸ್ತ್ರಿ ಸಣ್ಣಗಾಗಿದ್ದರು. ಪ್ರಮಾಣಪತ್ರವನ್ನು ಸುರುಳಿ ಸುತ್ತಿ ಚೀಲದಲ್ಲಿಟ್ಟುಕೊಂಡು ಇಬ್ಬರೂ ಲಿಫ್ಟ್ ಹತ್ತಿದರು. ಹಳೆಯ ಲಿಫ್ಟು. ಮಹಡಿಗೆ ಎರಡು ಬೆರಳು ಕೆಳಗೇ ನಿಂತಿತು. ಬ್ರೇಕು ಸವೆದಿದೆ ಎಂದು ಮೇಸ್ತ್ರಿಗೆ ಸದ್ದಿನಲ್ಲೇ ತಿಳಿಯಿತು.

ಲಾಡ್ಜಿನ ಬಾಗಿಲ ಹೊರಗೆ ಒಬ್ಬರು ನಿಂತಿದ್ದರು. ವಯಸ್ಸು ಅರವತ್ತರ ಮೇಲೆ, ಮೊದಲು ರೈಲ್ವೆಯಲ್ಲಿ ಟಿಕೆಟ್ ನೋಡುವ ಕೆಲಸದಲ್ಲಿದ್ದವರು. ಈಗ ಕೈಯಲ್ಲಿ ಮೊಂಡು ಕತ್ತಿ ಹಿಡಿದು ಈ ಬಾಗಿಲು ಕಾಯುವುದು ಅವರ ಪಾಲಿನ ಸೇವೆ. ಸಭೆ ನಡೆಯುವಷ್ಟು ಹೊತ್ತೂ ಅವರು ಹೊರಗೇ ಇರಬೇಕು, ಗೊತ್ತಿಲ್ಲದವರನ್ನು ಒಳಗೆ ಬಿಡಬಾರದು. ಮೇಸ್ತ್ರಿಯ ಕೋಟು, ಎದೆಯ ಮೇಲಿನ ಸಣ್ಣ ಪದಕ ನೋಡಿ ಅವರ ಮುಖ ಅರಳಿತು. ಕತ್ತಿಯನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈ ಚಾಚಿದರು.

ಹೊರಗಿನವರಿಗೆ ಅದು ಬರಿಯ ಕೈಕುಲುಕು. ಅದರಲ್ಲಿ ಬೆರಳು ಎಲ್ಲಿ ಒತ್ತಬೇಕು ಎನ್ನುವುದೇ ಒಳಗಿನವರ ಗುರುತು. ಮೇಸ್ತ್ರಿ ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ, ಯಾರದೋ ಸಾಮಾನು ಒಪ್ಪಿಸುವವರ ಹಾಗೆ, ಆ ಅಂಗೈಯಲ್ಲಿಟ್ಟರು. ಬೆರಳುಗಳು ಬಿಚ್ಚಲಿಲ್ಲ. ಬಾಗಿಲಿನವರು ಸ್ವಲ್ಪ ಹೊತ್ತು ಕಾದರು. ಮೇಸ್ತ್ರಿ ಎಡಗೈ ಚಾಚಿದರು.

"ಎಡಗೈ ನಡೆಯಲ್ಲ ಯಜಮಾನರೇ" ಎಂದರು ಬಾಗಿಲಿನವರು, ಮೆಲ್ಲಗೆ.

"ಅವರಿಗೆ ಸ್ಟ್ರೋಕ್ ಆಗಿದೆ ಸರ್" ಎಂದಳು ಮಗಳು. "ಮಾತೂ ಬರಲ್ಲ. ಎಲ್ಲಾ ಅರ್ಥ ಆಗುತ್ತೆ, ಹೇಳೋಕೆ ಬರಲ್ಲ. ಪೇಪರ್ ಎಲ್ಲಾ ತಂದಿದೀವಿ."

ಬಾಗಿಲಿನವರು ಒಳಗಿನಿಂದ ಕಾರ್ಯದರ್ಶಿಯನ್ನು ಕರೆಸಿದರು. ಆತ ಹಲ್ಲಿನ ಡಾಕ್ಟರು, ನಲವತ್ತೈದರ ಆಸುಪಾಸು, ಸೋಪಿನ ವಾಸನೆಯ ಸ್ವಚ್ಛ ಕೈಗಳು. ಪಕ್ಕದ ಕೋಟು ಬಿಚ್ಚಿಡುವ ಸಣ್ಣ ಕೋಣೆಯಲ್ಲಿ ಮೇಸ್ತ್ರಿಯನ್ನು ಕೂರಿಸಿ ಪ್ರಮಾಣಪತ್ರ ಬಿಡಿಸಿ ನೋಡಿದರು. ಅಂಚಿನಲ್ಲಿ ಮೂವತ್ತನಾಲ್ಕು ವರ್ಷದ ಹಿಂದಿನ ಸಹಿ, ಬಾಲ ಉದ್ದ ಎಳೆದದ್ದು, ಚೂಪಾಗಿತ್ತು.

"ಇದರ ಹಾಗೆ ಒಂದು ಸಹಿ ಮಾಡ್ತೀರಾ ಸರ್?" ಎಂದು ಪೆನ್ನು ಕೊಟ್ಟರು. ಮೇಸ್ತ್ರಿ ಎಡಗೈಯಲ್ಲಿ ಮಾಡಿದರು. ಡಾಕ್ಟರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಪೆನ್ನು ವಾಪಸು ತೆಗೆದುಕೊಂಡರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ಯಾರಿಗೂ ಕೇಳದ ಹಾಗೆ ಒಂದು ಪ್ರಶ್ನೆ ಕೇಳಿದರು. ಮೂವತ್ತನಾಲ್ಕು ವರ್ಷ ಮೇಸ್ತ್ರಿ ಕೇಳಿದ್ದ, ಉತ್ತರ ಕೊಟ್ಟಿದ್ದ, ಹೊಸಬರಿಗೆ ಕಲಿಸಿದ್ದ ಪ್ರಶ್ನೆಯೇ ಅದು. ಉತ್ತರದ ಪದ ಎದೆಯೊಳಗೆ ನಿಂತಿತ್ತು, ಅದರ ಉದ್ದಗಲ ಕಾಣುತ್ತಿತ್ತು. ಮೇಸ್ತ್ರಿ ಬಾಯಿ ತೆರೆದರು.

"ಮೂರನೇ ಫ್ಲೋರು."

ಡಾಕ್ಟರು ತಲೆ ತಗ್ಗಿಸಿದರು.

"ನನಗೆ ಬೇಜಾರಾಗುತ್ತೆ ಅಮ್ಮಾ" ಎಂದು ಕಾರಿಡಾರಿಗೆ ಬಂದು ಮಗಳಿಗೆ ಹೇಳಿದರು. "ಎರಡು ವರ್ಷದ ಹಿಂದೆ ಒಬ್ಬ ಬಂದಿದ್ದ. ತೀರಿಹೋದ ಅವನ ಚಿಕ್ಕಪ್ಪನ ಪ್ರಮಾಣಪತ್ರ, ಅವರದೇ ಗುರುತಿನ ಚೀಟಿ. ನೋಡೋಕೂ ಅವರ ಹಾಗೇ ಇದ್ದ. ನಾಲ್ಕು ತಿಂಗಳು ನಮ್ಮ ಮಧ್ಯೆ ಕೂತು ಊಟ ಮಾಡಿ, ಆಮೇಲೆ ಎಲ್ಲಾ ಪತ್ರಿಕೇಲಿ ಬರೆದ. ಆವತ್ತಿಂದ ನಾವು ನಿಯಮ ಮಾಡ್ಕೊಂಡಿದೀವಿ. ಬರೀ ಕಾಗದ ಸಾಲದು. ಕೈ ಗುರುತು, ಗುಟ್ಟಿನ ಪದ ಎರಡೂ ಸರಿಹೋಗ್ಬೇಕು. ಇಲ್ಲಾಂದ್ರೆ ಇವರ ಜೊತೆ ಸಭೇಲಿ ಕೂತಿದ್ದ ಒಬ್ಬರಾದ್ರೂ ಬಂದು ಹೌದು ಅನ್ಬೇಕು."

"ನೋಡಿದ್ರೆ ಗೊತ್ತಾಗಲ್ವಾ ಸರ್? ಇವರು ಯಾರಿಗೆ ಮೋಸ ಮಾಡ್ತಾರೆ?"

"ನನಗೆ ನಂಬಿಕೆ ಇದೆಯಮ್ಮಾ. ಆದ್ರೆ ನನ್ನ ನಂಬಿಕೆ ಮೇಲೆ ಈ ಬಾಗಿಲು ತೆಗೆಯೋಕಾಗಲ್ಲ."

ಮಗಳಿಗೆ ಸಿಟ್ಟು ಬಂತು. ಮೇಸ್ತ್ರಿಗೆ ಬರಲಿಲ್ಲ. ಆ ಜಾಗದಲ್ಲಿ ತಾವಿದ್ದರೂ ಇದನ್ನೇ ಹೇಳುತ್ತಿದ್ದರು. ಸರಿಯಾದ ಲಾಡ್ಜು ಇದು, ಸಡಿಲ ಲಾಡ್ಜಲ್ಲ, ಎಂದು ಒಂದು ತರಹದ ಸಮಾಧಾನವೂ ಆಯಿತು. ಲಿಫ್ಟಿನಲ್ಲಿ ಇಳಿಯುವಾಗ ಮಾತ್ರ ಗೋಡೆಯ ಕಡೆ ಮುಖ ಮಾಡಿ ನಿಂತರು.

ಮಾರನೆಯ ದಿನದಿಂದ ಮಗಳು ಅಪ್ಪನ ಹಳೆಯ ಡೈರಿ ಹಿಡಿದು ಫೋನು ಮಾಡಲು ಕೂತಳು. ಹೌದು ಅನ್ನಲು ಒಬ್ಬರು ಸಾಕಿತ್ತು. ಬ್ಯಾಂಕ್ ಮ್ಯಾನೇಜರರು ತೀರಿಹೋಗಿ ಒಂಬತ್ತು ವರ್ಷ. ಔಷಧಿ ಅಂಗಡಿಯವರು ಕಳೆದ ಚಳಿಗಾಲದಲ್ಲಿ ಹೋದರಂತೆ. ಒಂದು ನಂಬರು ಅಸ್ತಿತ್ವದಲ್ಲಿಲ್ಲ ಎಂದಿತು. ವಕೀಲರ ಮನೆಯಲ್ಲಿ ಅವರ ಹೆಂಡತಿ ಎತ್ತಿಕೊಂಡರು. "ನಿಮ್ಮ ತಂದೇನ ಗುರುತು ಹಿಡೀತಾರಾ ಅಂತ ಕೇಳ್ತೀಯಲ್ಲ ಮಗಳೇ, ನನ್ನನ್ನೇ ಯಾರಮ್ಮಾ ನೀನು ಅಂತ ದಿನಾ ಕೇಳ್ತಾರೆ" ಎಂದರು. ಮೇಸ್ತ್ರಿ ಎದುರಿಗೇ ಕೂತು ಪ್ರತಿ ಹೆಸರಿಗೂ ಮಗಳ ಮುಖ ನೋಡುತ್ತಿದ್ದರು. ಅವಳು ಇಲ್ಲವೆಂದು ತಲೆಯಾಡಿಸುವಳು, ಇವರು ಮುಂದಿನ ಪುಟ ತಿರುಗಿಸುವರು. ಕೊನೆಗೆ ತಿರುಗಿಸಲು ಪುಟ ಉಳಿಯಲಿಲ್ಲ.

ಹಲ್ಲಿನ ಡಾಕ್ಟರು ಒಳ್ಳೆಯವರು. ತಾವಾಗಿಯೇ ಕೇಂದ್ರ ಕಚೇರಿಗೆ ಪತ್ರ ಬರೆದರು. ಮೂರು ವಾರಕ್ಕೆ ಉತ್ತರ ಬಂತು. ಈ ಹೆಸರಿನ ಸದಸ್ಯರು ಇದ್ದದ್ದು ನಿಜ, ಅವರ ಮೇಲೆ ಯಾವ ದೂರೂ ಇಲ್ಲ. ಸದಸ್ಯರು ಸಾಲದೆ ಅವರ ಲಾಡ್ಜನ್ನು ಹೋದ ವರ್ಷ ಮುಚ್ಚಲಾಗಿದೆ. ಪ್ರಮಾಣಪತ್ರ ತಂದವರು ಆ ಸದಸ್ಯರೇ ಎಂಬುದನ್ನು ತಾವು ರೂಢಿಯ ಪ್ರಕಾರ ಪರೀಕ್ಷಿಸಿ ಖಚಿತಪಡಿಸಿಕೊಳ್ಳತಕ್ಕದ್ದು.

ಲಾಡ್ಜ್ ಮುಚ್ಚುವಾಗ ಮೇಸ್ತ್ರಿ ಅಲ್ಲೇ ಇದ್ದರು. ಏಳು ಜನ ಸೇರಬೇಕಾದಲ್ಲಿ ಕೊನೆಗೆ ನಾಲ್ಕೇ ಜನ ಉಳಿದಿದ್ದರು. ದೀಪ ಆರಿಸಿದವರು ಇವರೇ.

ಇನ್ನು ಉಳಿದದ್ದು ಮಾತೊಂದೇ.

ಪ್ರತಿ ಗುರುವಾರ ಮೇಸ್ತ್ರಿ ಆಸ್ಪತ್ರೆಯ ನೆಲಮಹಡಿಯ ಕೋಣೆಗೆ ಹೋಗುತ್ತಿದ್ದರು. ಅಲ್ಲಿ ಮಾತು ಕಲಿಸುವ ಹೆಂಗಸನ್ನು ಮನೆಯಲ್ಲಿ ಎಲ್ಲರೂ ಮಾತಿನ ಟೀಚರ್ ಎನ್ನುತ್ತಿದ್ದರು. ಮೂವತ್ತು ವರ್ಷದ ಚುರುಕಿನ ಹುಡುಗಿ, ರೋಗಿ ಅರ್ಧ ಪದ ಅಂದರೂ ಲಾಟರಿ ಹೊಡೆದ ಹಾಗೆ ಸಂತೋಷಪಡುವವಳು.

"ಅವರಿಗೆ ಯಾವ ಮಾತು ಬೇಕೋ ಅದರಿಂದಲೇ ಶುರು ಮಾಡಿದ್ರೆ ಬೇಗ ಬರುತ್ತೆ" ಎಂದಳು ಟೀಚರ್. "ಏನು ಬೇಕು ತಾತ? ಮಗಳ ಹೆಸರಾ?"

ಮೇಸ್ತ್ರಿ ಅಲ್ಲವೆಂದು ತಲೆಯಾಡಿಸಿದರು.

"ಅವರಿಗೆ ಬೇಕಾಗಿರೋದು ಒಂದೇ ಒಂದು ಪದ" ಎಂದಳು ಮಗಳು. "ಆದ್ರೆ ಅದು ಗುಟ್ಟಂತೆ. ನಮಗೆ ಹೇಳೋ ಹಾಗಿಲ್ಲ."

ಟೀಚರ್ ಜೋರಾಗಿ ನಕ್ಕಳು. "ಒಳ್ಳೆ ಕಥೆ! ಯಾವ ಪದ ಅಂತ ಗೊತ್ತಿಲ್ದೆ ಹೇಗೆ ಕಲಿಸಲಿ? ತುಟಿ ಹೇಗಿಡಬೇಕು, ನಾಲಿಗೆ ಎಲ್ಲಿ ತಾಗಬೇಕು ಅಂತ ತೋರಿಸ್ಬೇಕು ನಾನು. ನನ್ನ ಕಿವೀಲಿ ಹೇಳಿ ತಾತ, ಯಾರಿಗೂ ಹೇಳಲ್ಲ."

ಮೇಸ್ತ್ರಿಗೂ ನಗು ಬಂತು, ಬಾಯಿಯ ಒಂದೇ ಬದಿಯಲ್ಲಿ. ಆದರೆ ಅಲ್ಲಾಡಲಿಲ್ಲ.

ಆಮೇಲೆ ಅವರು ಬಚ್ಚಲುಮನೆಯಲ್ಲಿ ಶುರುಮಾಡಿದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಚಿಲಕ ಹಾಕಿ, ಹೊರಗೆ ಕೇಳಬಾರದೆಂದು ನಲ್ಲಿ ಬಿಟ್ಟು, ಕನ್ನಡಿಯ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರುವರು. ಟೀಚರ್ ಬೇರೆ ಪದಗಳಿಗೆ ಹೇಳಿಕೊಟ್ಟ ಉಪಾಯಗಳನ್ನು ಈ ಪದಕ್ಕೆ ಕದ್ದು ಹಾಕುವರು. ತುಟಿ ಕೂಡಿಸು, ಗಾಳಿ ಬಿಡು, ಗಂಟಲು ಮುಟ್ಟಿ ನೋಡು. ಅಳಿಯ ಹೊರಗೆ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಅಡ್ಡಾಡುವನು. "ಟ್ಯಾಂಕ್ ಖಾಲಿ ಆಗುತ್ತೆ ಮಾವ" ಎಂದು ಕೂಗಿ, ಆಮೇಲೆ ತಾನೇ ನಾಚಿಕೊಂಡು, "ಪರವಾಗಿಲ್ಲ, ನಿಧಾನವಾಗಿ ಬನ್ನಿ" ಎನ್ನುವನು.

ಎರಡು ತಿಂಗಳು ಹೀಗೆ ನಡೆಯಿತು. ಒಂದು ಮಂಗಳವಾರ ಬೆಳಿಗ್ಗೆ, ಹಲ್ಲುಜ್ಜುವಾಗ, ಬಾಯಿತುಂಬ ನೊರೆಯಿದ್ದಾಗ, ಪ್ರಯತ್ನವನ್ನೇ ಮಾಡದಿದ್ದಾಗ, ಪದ ಬಂತು. ಸ್ಪಷ್ಟವಾಗಿ, ಪೂರ್ತಿಯಾಗಿ ಬಂತು. ಮೇಸ್ತ್ರಿ ಬ್ರಶ್ಶು ಕೈಯಲ್ಲಿ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕುಸಿದರು. ಇನ್ನೊಮ್ಮೆ ಅಂದರು, ಬಂತು. ಇನ್ನೊಮ್ಮೆ, ಬಂತು. ಕನ್ನಡಿಯೊಳಗಿನ ಮುದುಕ ಅಳುತ್ತಿದ್ದ.

ಸಭೆಗೆ ಇನ್ನೂ ಹನ್ನೊಂದು ದಿನವಿತ್ತು. ಆ ಹನ್ನೊಂದು ದಿನವೂ ಮೇಸ್ತ್ರಿ ತುಂಬಿದ ಕೊಡ ಹೊತ್ತವರ ಹಾಗೆ ಇದ್ದರು. ಬೇರೆ ಯಾವ ಮಾತನ್ನೂ ಆಡಲಿಲ್ಲ, ಎಲ್ಲಿ ಇದು ತುಳುಕಿ ಹೋಗುತ್ತದೋ ಎಂದು. ನೀರು ಬೇಕಾದರೆ ಲೋಟ ತೋರಿಸಿದರು. ಗುರುವಾರ ಟೀಚರ್ ಎಷ್ಟು ಕೇಳಿದರೂ ತುಟಿ ಬಿಗಿದುಕೊಂಡೇ ಕೂತರು. "ಏನಾಯ್ತು, ಹಿಂದಕ್ಕೆ ಹೋಗ್ತಿದಾರಲ್ಲ" ಎಂದು ಅವಳಿಗೆ ಕಳವಳವಾಯಿತು. ಮಗಳಿಗೆ ಮಾತ್ರ ಅಪ್ಪನ ಕಣ್ಣು ನೋಡಿ ಏನೋ ಇದೆ ಎನ್ನಿಸಿತು. ಶನಿವಾರ ಅವಳು ಹೇಳುವ ಮೊದಲೇ ಮೇಸ್ತ್ರಿ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು.

ಬಾಗಿಲಿನವರು ಗುರುತು ಹಿಡಿದು ನಕ್ಕರು. "ಬನ್ನಿ ಯಜಮಾನರೇ, ಆರಾಮಾ?" ಕೈ ಚಾಚಲಿಲ್ಲ. ಅದೊಂದು ಸೂಕ್ಷ್ಮ. ಮಗಳನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ, ಮೇಸ್ತ್ರಿಯನ್ನು ಕೋಟಿನ ಕೋಣೆಗೆ ಕರೆದೊಯ್ದರು. ಹಲ್ಲಿನ ಡಾಕ್ಟರು ಬಂದರು. ಬಾಗಿಲು ಸ್ವಲ್ಪ ತೆರೆದೇ ಇತ್ತು, ಬಿದ್ದುಗಿದ್ದರೆ ಮಗಳಿಗೆ ತಿಳಿಯಲಿ ಎಂದು. ಇನ್ನಿಬ್ಬರು ಸದಸ್ಯರು ಚೀಲ ಹಿಡಿದು ಲಿಫ್ಟಿನಿಂದ ಹೊರಬರುತ್ತಿದ್ದರು. ಅವರ ಹಿಂದೆ ಟೈಲ್ಸ್ ಅಂಗಡಿಯ ಮಾಲೀಕ, ನೀರಿನ ಪೈಪು ಸೋರುವ ವಿಷಯ ಹೇಳಲು ಬಂದಿದ್ದ.

ಮೇಸ್ತ್ರಿ ಎದೆ ತಟ್ಟಿಕೊಂಡು, ಬಾಯಿ ತೋರಿಸಿ, ತಲೆಯಾಡಿಸಿದರು. ಬರುತ್ತದೆ ಎಂದು.

"ಬರುತ್ತಾ?" ಡಾಕ್ಟರ ದನಿಯಲ್ಲಿ ನಿಜವಾದ ಸಂತೋಷವಿತ್ತು. ಹತ್ತಿರ ಬಗ್ಗಿ ಪಿಸುಗುಟ್ಟಿದರು. "ಹಾಗಾದ್ರೆ ರೂಢಿ ಗೊತ್ತಲ್ಲ ಸರ್. ಪೂರ್ತಿ ಪದ ಬಾಯಿಬಿಟ್ಟು ಅನ್ನೋ ಹಾಗಿಲ್ಲ. ಒಂದಕ್ಷರ ನಾನು ಕೊಡ್ತೀನಿ, ಮುಂದಿನದು ನೀವು ಕೊಡಿ. ಆಮೇಲೆ ನಾನು, ಆಮೇಲೆ ನೀವು."

ಮೇಸ್ತ್ರಿ ಎದೆಯ ಮೇಲಿಟ್ಟ ಕೈ ಕೆಳಗಿಳಿಸಿದರು.

ಅದೂ ಗೊತ್ತಿದ್ದದ್ದೇ. ಮೂವತ್ತನಾಲ್ಕು ವರ್ಷ ಹಾಗೆಯೇ ಕೊಟ್ಟಿದ್ದರು, ತೆಗೆದುಕೊಂಡಿದ್ದರು. ಆದರೆ ಬಚ್ಚಲುಮನೆಯಲ್ಲಿ ಅದರ ನೆನಪೇ ಬಂದಿರಲಿಲ್ಲ. ಪದ ಬಂದರೆ ಸಾಕು ಎನ್ನಿಸಿತ್ತು. ಬಂದ ಪದವೋ ಒಂದೇ ಉಸಿರಿನ ಇಡೀ ಗಂಟು. ಅದರಲ್ಲಿ ಎರಡನೆಯ ಅಕ್ಷರ ಯಾವುದು, ಮೂರನೆಯದು ಯಾವುದು ಎಂದು ಬಿಡಿಸಲು ನಾಲಿಗೆಗೆ ಬರುತ್ತಿರಲಿಲ್ಲ.

ಡಾಕ್ಟರು ಮೊದಲ ಅಕ್ಷರ ಉಸುರಿದರು. ಕಾದರು.

ಮೇಸ್ತ್ರಿ ಬಾಯಿ ತೆರೆದರು, ಮುಚ್ಚಿದರು. "ಮೂ..." ಎಂದು ಹಳೆಯ ಚಾಳಿಯ ಮಾತು ನುಗ್ಗಿ ಬಂತು. ಹಲ್ಲು ಕಚ್ಚಿ ತಡೆದರು.

"ಅವಸರ ಇಲ್ಲ ಸರ್. ಇನ್ನೊಂದ್ಸಲ ನೋಡೋಣ." ಡಾಕ್ಟರು ಮತ್ತೆ ಮೊದಲ ಅಕ್ಷರ ಉಸುರಿದರು.

ಆ ಅಕ್ಷರವೇ ಎಳೆದಂತಾಗಿ ಪದ ಹೊರಗೆ ಬಿತ್ತು. ಪಿಸುಮಾತಾಗಿ ಅಲ್ಲ. ಸಭಾಂಗಣದ ಕೊನೆಯ ಕುರ್ಚಿಗೆ ಮುಟ್ಟುತ್ತಿದ್ದ ಆ ಹಿಂದಿನ ದನಿಯಲ್ಲಿ, ಗಟ್ಟಿಯಾಗಿ, ಒಂದಕ್ಷರ ಬಿಡದೆ. ಅಷ್ಟಕ್ಕೇ ನಿಲ್ಲಲಿಲ್ಲ. ತಡೆಯಲು ಹೋದಾಗ ಇನ್ನೊಮ್ಮೆ ಬಂತು.

ಕಾರಿಡಾರಿನಲ್ಲಿ ಎಲ್ಲರೂ ನಿಂತಲ್ಲೇ ನಿಂತರು. ಚೀಲ ಹಿಡಿದ ಇಬ್ಬರು ಮುಖ ಮುಖ ನೋಡಿಕೊಂಡರು. ಬಾಗಿಲಿನವರು ಕತ್ತಿಯ ತುದಿಯನ್ನು ನೆಲಕ್ಕೆ ಇಳಿಸಿ, ಯಾರ ಮುಖವನ್ನೂ ನೋಡದೆ ಗೋಡೆ ನೋಡಿದರು. ಟೈಲ್ಸ್ ಅಂಗಡಿಯವನು "ಏನಂತೆ ತಾತನಿಗೆ?" ಎಂದು ಕೇಳಿದ.

ಡಾಕ್ಟರು ಎದ್ದು ಬಾಗಿಲು ಪೂರ್ತಿ ಮುಚ್ಚಿದರು. ಮೇಸ್ತ್ರಿಗೆ ನೀರು ಕೊಟ್ಟರು.

"ಬ್ರದರ್" ಎಂದರು ಡಾಕ್ಟರು, ಮೊದಲ ಸಲ. "ಇನ್ನು ನನಗೆ ಅನುಮಾನ ಇಲ್ಲ. ನೀವು ನಮ್ಮವರೇ. ಆದ್ರೆ..." ಲೋಟ ತೆಗೆದುಕೊಂಡು ಮೇಜಿನ ಮೇಲಿಟ್ಟರು. "ನಾನು ಸಮಿತಿ ಮುಂದೆ ಇಡ್ತೀನಿ. ಕಾಯಿಲೆಯಿಂದ ಆಗಿದ್ದು ಅಂತ ಹೇಳ್ತೀನಿ. ಒಪ್ಪಿದ್ರೂ ಒಪ್ಪಬಹುದು. ಒಂದೆರಡು ತಿಂಗಳು ಹೋಗಲಿ" ಎಂದರು.

ಮೇಸ್ತ್ರಿ ಕೇಳಿಸಿಕೊಳ್ಳುತ್ತಿರಲಿಲ್ಲ. ಅವರ ಕಣ್ಣ ಮುಂದೆ ತಮ್ಮ ಊರಿನ ಲಾಡ್ಜಿನಲ್ಲಿದ್ದ ಒಬ್ಬ ಫೋಟೋಗ್ರಾಫರ್ ನಿಂತಿದ್ದ. ಮದುವೆಯೊಂದರಲ್ಲಿ ಕುಡಿದು, ನಗಿಸಲು, ಈ ಪದವನ್ನೇ ನಾಲ್ಕು ಜನರ ಮುಂದೆ ಅಂದಿದ್ದ. ಮಾರನೆಯ ತಿಂಗಳು ಅವನು ಅಳುತ್ತ ಕ್ಷಮೆ ಕೇಳಿದ್ದ. ಉಳಿದವರೆಲ್ಲ ಹೋಗಲಿ ಬಿಡಿ ಎಂದಾಗ ಎದ್ದು ನಿಂತು, ಬಾಯಿ ಬಿಗಿಯಿಲ್ಲದವನಿಗೆ ಇಲ್ಲಿ ಕುರ್ಚಿ ಇರಕೂಡದು ಎಂದವರು ಲಿಫ್ಟ್ ಮೇಸ್ತ್ರಿ. ಆ ಫೋಟೋಗ್ರಾಫರ್ ಮತ್ತೆ ಬರಲಿಲ್ಲ. ಬೀದಿಯಲ್ಲಿ ಸಿಕ್ಕರೆ ಎದುರು ಬದಿಗೆ ದಾಟುತ್ತಿದ್ದ.

ಮೇಸ್ತ್ರಿ ಎಡಗೈಯಿಂದ ಎದೆಯ ಪದಕದ ಪಿನ್ನು ಬಿಚ್ಚಲು ನೋಡಿದರು. ಒಂದೇ ಕೈಗೆ ಅದು ಬಗ್ಗಲಿಲ್ಲ. ಡಾಕ್ಟರು ತಡೆದರು. "ಬೇಡ ಬ್ರದರ್, ಬೇಡ." ಮೇಸ್ತ್ರಿ ಅವರ ಕೈಯನ್ನು ಮೆತ್ತಗೆ ಸರಿಸಿ ಮತ್ತೆ ಎಳೆದರು. ಕೋಟಿನ ಬಟ್ಟೆ ಸ್ವಲ್ಪ ಹರಿದು ಪದಕ ಬಂತು. ಅದನ್ನು ಮೇಜಿನ ಮೇಲಿಟ್ಟು, ಗೋಡೆ ಹಿಡಿದುಕೊಂಡು ಎದ್ದರು.

ಮನೆಗೆ ಹೋಗುವ ಬಸ್ಸಿನಲ್ಲಿ ಮಗಳು ಅಪ್ಪನ ಹರಿದ ಕೋಟನ್ನು ಸವರುತ್ತ ಕೂತಿದ್ದಳು. "ಹೋಗಲಿ ಬಿಡಪ್ಪ" ಎಂದಳು. "ಸಮಿತಿಗೆ ಹೇಳ್ತೀನಿ ಅಂದ್ರು ಡಾಕ್ಟ್ರು. ಆಗುತ್ತೆ. ಏನೋ ಬಾಯಿಗೆ ಬಂದಿದ್ದು ಅಂದುಬಿಟ್ಟೆ, ಅದಕ್ಕೇನು. ನೀನು ದಿನಾ ಅಂಥವು ಎಷ್ಟೋ ಅಂತೀಯ."

ಮೇಸ್ತ್ರಿ ತಿರುಗಿ ಅವಳನ್ನು ನೋಡಿದರು. ಅವಳಿಗೆ ಅದು ಪದ ಎಂದೇ ಗೊತ್ತಾಗಿರಲಿಲ್ಲ. ಮೂರನೇ ಫ್ಲೋರಿನ ಜೊತೆಗೆ ಇನ್ನೊಂದು ತೊದಲು, ಅಷ್ಟೆ. ಗುಟ್ಟು ಗುಟ್ಟಾಗಿಯೇ ಉಳಿದಿತ್ತು. ಆದರೂ ಸಮಾಧಾನವಾಗಲಿಲ್ಲ.

ಗುರುವಾರ ಮಾತಿನ ಟೀಚರ್ ಹತ್ತಿರ ಹೋದಾಗ ಮಗಳು ಉತ್ಸಾಹದಿಂದಲೇ ಹೇಳಿದಳು. ಅಪ್ಪ ಹಿಂದಕ್ಕೆ ಹೋಗಿಲ್ಲ ಎಂದು ತೋರಿಸಬೇಕಿತ್ತು ಅವಳಿಗೆ. "ಶನಿವಾರ ಒಂದು ಹೊಸ ಮಾತು ಅಂದ್ರು ಟೀಚರ್. ಎಷ್ಟು ಜೋರಾಗಿ, ಎಷ್ಟು ಸ್ಪಷ್ಟವಾಗಿ! ಅರ್ಥ ಏನೂ ಇಲ್ಲ, ಆದ್ರೂ." ಎಂದು ಆ ಪದವನ್ನು ಅಂದಳು. ಸರಿಯಾಗಿಯೇ ಅಂದಳು. ತಂದೆಯ ಕಿವಿ ಅವಳಿಗೂ ಬಂದಿತ್ತು.

"ವಾಹ್! ಮೂರು ಬೇರೆ ಬೇರೆ ಸ್ವರ ಇದೆ ಇದರಲ್ಲಿ" ಎಂದು ಟೀಚರ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಮೇಲೆ ಮೇಸ್ತ್ರಿಗೆ ಕಾಣಲೆಂದು ಬಿಳಿ ಹಾಳೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಎದುರಿಗೆ ಹಿಡಿದಳು. "ನೋಡಿ ತಾತ, ಅರ್ಥ ಇಲ್ದಿದ್ರೂ ಪರವಾಗಿಲ್ಲ, ಬಾಯಿಗೆ ಒಳ್ಳೆ ವ್ಯಾಯಾಮ. ಎಲ್ಲಿ, ನನ್ನ ಜೊತೆ ಹೇಳಿ."

ಆ ಪದವನ್ನು ಬರೆದದ್ದನ್ನು ಮೇಸ್ತ್ರಿ ಜೀವಮಾನದಲ್ಲಿ ನೋಡಿರಲಿಲ್ಲ. ಎಡಗೈ ಬೀಸಿ ಹಾಳೆ ಕಿತ್ತುಕೊಂಡರು. ಬಾಯಿಗೆ ತುರುಕಿಕೊಂಡು ಹರಿಯಲು ನೋಡಿದರು. ಮಗಳು ಓಡಿ ಬಂದು ಹಿಡಿದುಕೊಂಡಳು.

"ಸಿಟ್ಟು ಬಂದ್ರೆ ಒಳ್ಳೇದೇ" ಎಂದಳು ಟೀಚರ್, ಕೊಂಚ ಹೆದರಿದ್ದರೂ. "ಹೇಳಬೇಕು ಅನ್ನೋ ಆಸೆ ಇದೆ ಅಂತ ಅರ್ಥ. ಮನೇಲಿ ದಿನಾ ಹತ್ತು ಸಲ ಹೇಳಿಸಿ."

ಆ ಸಂಜೆ ಊಟಕ್ಕೆ ಕೂತಾಗ ಮಗಳು ತಟ್ಟೆಗೆ ಬಡಿಸುತ್ತ, ಮಗುವಿಗೆ ಹೇಳುವ ದನಿಯಲ್ಲಿ, ಆ ಪದವನ್ನು ಅಂದಳು. "ಎಲ್ಲಿ ಅಪ್ಪ, ಅನ್ನು ನೋಡೋಣ." ಅಳಿಯನೂ ಹುರುಪಿನಿಂದ ಅದನ್ನೇ ಅಂದ, ತಪ್ಪಾಗಿ ಅಂದ. ಮಗಳು ತಿದ್ದಿದಳು. ಅವನು ಮತ್ತೆ ಅಂದ. ಇಬ್ಬರೂ ನಕ್ಕರು. ಮನೆಯಲ್ಲಿ ಬಹಳ ದಿನದ ಮೇಲೆ ನಗು ಕೇಳಿಸಿತ್ತು.

ಮೇಸ್ತ್ರಿ ಕುರ್ಚಿಯಿಂದ ಎದ್ದು, ಮೇಜು ಹಿಡಿದುಕೊಂಡು ಸುತ್ತಿ ಬಂದು, ಮಗಳ ಬಾಯಿಯ ಮೇಲೆ ಅಂಗೈ ಇಟ್ಟರು. ಒತ್ತಲಿಲ್ಲ, ಇಟ್ಟರು ಅಷ್ಟೆ. ಮಗಳು ಆ ಕೈಯ ಮೇಲಿಂದ ಅಪ್ಪನ ಮುಖ ನೋಡಿದಳು. ನೋಡುತ್ತ ನೋಡುತ್ತ ಅವಳ ನಗು ಹೋಯಿತು, ಕಣ್ಣುಗಳು ದೊಡ್ಡವಾದವು.

"ಅದೇನಾ ಅದು?" ಎಂದು ಅಂಗೈಯೊಳಗೇ ಕೇಳಿದಳು.

ಮೇಸ್ತ್ರಿ ಕೈ ತೆಗೆದು, ಗೋಡೆ ಹಿಡಿದು, ತಮ್ಮ ರೂಮಿಗೆ ನಡೆದರು. ಮಗಳು ಹಿಂದೆ ಹೋಗಿ ಬಾಗಿಲಲ್ಲಿ ನಿಂತು "ಅಪ್ಪಾ, ನಂಗೆ ಗೊತ್ತಾಗ್ಲಿಲ್ಲಪ್ಪ, ಮರೆತುಬಿಡ್ತೀನಪ್ಪ" ಎಂದು ಅತ್ತಳು. ಮೇಸ್ತ್ರಿ ಅವಳ ತಲೆ ಸವರಿದರು. ಆದರೆ ಕೇಳಿದ್ದನ್ನು ಮರೆಯುವುದು ಯಾರ ಕೈಯಲ್ಲೂ ಇಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ಆವತ್ತಿನಿಂದ ಅವರು ಗುರುವಾರ ಆಸ್ಪತ್ರೆಗೆ ಹೊರಡಲು ಒಪ್ಪಲಿಲ್ಲ. ಸಮಿತಿ ಒಪ್ಪಿದೆ, ಮುಂದಿನ ತಿಂಗಳು ಬರಬಹುದು ಎಂದು ಹಲ್ಲಿನ ಡಾಕ್ಟರು ಫೋನು ಮಾಡಿದಾಗ ಮಗಳು ಓಡಿಹೋಗಿ ಹೇಳಿದಳು. ಮೇಸ್ತ್ರಿ ತಲೆಯಾಡಿಸಿದರು, ಬೇಡ ಎಂದು. ಅವಳು ಎರಡು ಸಲ, ಮೂರು ಸಲ ಕೇಳಿದಳು. ಅದೇ ಉತ್ತರ. ಉಳಿದಿದ್ದ ಹತ್ತಿಪ್ಪತ್ತು ಮಾತನ್ನೂ ಅವರು ನಿಲ್ಲಿಸಿದರು. ನೀರು ಬೇಕಾದರೆ ಲೋಟ ತೋರಿಸುವರು, ಬೇಡವಾದರೆ ತಟ್ಟೆ ಸರಿಸುವರು. ಬಂದವರು ಮಾತಾಡಿಸಿದರೆ ತುಟಿ ಬಿಗಿಹಿಡಿದು ಕೂರುವರು. ಟೀಚರ್ ತನ್ನ ಕಡತದಲ್ಲಿ, ರೋಗಿ ಸಹಕರಿಸುತ್ತಿಲ್ಲ ಎಂದು ಬರೆದು ಮುಚ್ಚಿದಳು.